ವಿಡಿಯೊ ನಂಬಿ ಇನ್ಸುಲಿನ್ ನಿಲ್ಲಿಸಬೇಡಿ

ಟೈಪ್ 1 ಮಧುಮೇಹದ, ಅಂದರೆ ದೇಹದಲ್ಲಿ ಇನ್ಸುಲಿನ್ ತಯಾರಾಗದ ಮಕ್ಕಳು ಐಸಿಯು ಸೇರುವ ದಾರಿಗಳಲ್ಲಿ ಇದೂ ಒಂದು. ಮನೆಯವರ ಫೋನಿಗೆ ವಿಡಿಯೊ ಬರುತ್ತದೆ: ನೇರಳೆ ಬೀಜದ ಪುಡಿ, ಹಾಗಲಕಾಯಿ ರಸ, ಶುಗರ್ ಬುಡಸಮೇತ ಗುಣ. ದಿನಾ ಸೂಜಿ ಚುಚ್ಚಿ ನೊಂದ ತಾಯ್ತಂದೆ ಇನ್ಸುಲಿನ್ ನಿಲ್ಲಿಸುತ್ತಾರೆ. ಒಂದೆರಡು ದಿನದೊಳಗೆ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಆಮೇಲೆ ಹೊಟ್ಟೆನೋವು, ವಾಂತಿ. ‘ವಿಷ ಹೊರಗೆ ಹೋಗುತ್ತಿದೆ, ಹೆದರಬೇಡಿ’ ಎಂದು ವಿಡಿಯೊದವರು ಮೊದಲೇ ಹೇಳಿರುತ್ತಾರೆ, ಮನೆಯವರು ಕಾಯುತ್ತಾರೆ. ಉಸಿರಾಟ ಆಳವಾಗಿ, ಜೋರಾಗಿ, ಮಗುವಿಗೆ ಮಂಪರು ಕವಿದ ಮೇಲೆ ಆಸ್ಪತ್ರೆಗೆ ಓಡುತ್ತಾರೆ.

ಇದು ಕೀಟೋಅಸಿಡೋಸಿಸ್. ಇನ್ಸುಲಿನ್ ಇಲ್ಲದಾಗ ದೇಹ ಸಕ್ಕರೆಯನ್ನು ಬಳಸಲಾರದೆ ಕೊಬ್ಬು ಕರಗಿಸುತ್ತದೆ, ಅದರಿಂದ ಹುಟ್ಟುವ ಕೀಟೋನ್‌ಗಳು ರಕ್ತವನ್ನು ಆಮ್ಲೀಯವಾಗಿಸುತ್ತವೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಬಾರಿ ರೋಗಿಗೆ ಇನ್ಸುಲಿನ್ ಕೊಡುವವರೆಗೆ ಈ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಇನ್ಸುಲಿನ್ನಿನ ಜಾಗ ತುಂಬುವ ಪುಡಿ ಯಾವುದೂ ಇಲ್ಲ.

ಇಂಥ ವಿಡಿಯೊ ಬಂದಾಗ ಮೊದಲು ನೋಡಬೇಕಾದದ್ದು, ಅದು ಯಾವ ಟೈಪಿನ ಬಗ್ಗೆ ಹೇಳುತ್ತಿದೆ ಎಂಬುದು. ಬರೀ ‘ಶುಗರ್’ ಅಂದರೆ ಅಲ್ಲೇ ಬಿಟ್ಟುಬಿಡಿ. ಅಪಾಯ ಇರುವುದು ಅರ್ಧ ಸತ್ಯದಲ್ಲಿ. ಟೈಪ್ 2, ಅಂದರೆ ಇನ್ಸುಲಿನ್ ಇದ್ದೂ ಸಾಲದ ಮಧುಮೇಹ ಇರುವ ಕೆಲವರು ಚೆನ್ನಾಗಿ ತೂಕ ಇಳಿಸಿದರೆ ಮಾತ್ರೆ ನಿಲ್ಲಿಸಿ ಮೂರು ತಿಂಗಳಾದ ಮೇಲೂ ರಕ್ತದ ಸಕ್ಕರೆಯ ಸರಾಸರಿ ತಿಳಿಸುವ ಪರೀಕ್ಷೆಯಾದ ಎಚ್‌ಬಿಎ1ಸಿ ಶೇ 6.5ಕ್ಕಿಂತ ಕೆಳಗೇ ಉಳಿಯುವುದುಂಟು. ಅದು ಶಮನ, ಗುಣವಲ್ಲ. ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಬೇಕೇ ಬೇಕು. ಟೈಪ್ 1ಕ್ಕೆ ಈ ಮಾತು ಅನ್ವಯಿಸುವುದೇ ಇಲ್ಲ.

ಪುರಾವೆಯೆಂದು ಗ್ಲುಕೋಮೀಟರಿನ ಒಂದು ಅಂಕಿ ತೋರಿಸಿದರೆ ನಂಬಬೇಡಿ. ಊಟ ಬಿಟ್ಟರೂ ಆ ಅಂಕಿ ಇಳಿಯುತ್ತದೆ. ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸರಾಸರಿ ಹೇಳುತ್ತದೆ, ಅದನ್ನು ಕೇಳಿ. ಕೊನೆಯಲ್ಲಿ ಪುಡಿ ತರಿಸಲು ಫೋನ್ ನಂಬರ್ ಬಂದರೆ ಅದು ಜಾಹೀರಾತು. ಮಧುಮೇಹ ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯೇ ನಿಷೇಧಿಸಿದೆ.

ಪುಡಿ ತಿಂದು ಶುಗರ್ ಸರ್ರನೆ ಇಳಿದರೂ ಅನುಮಾನಿಸಿ. ಇಂಥ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್‌ನಂಥ, ಶುಗರ್ ಇಳಿಸುವ ಮಾತ್ರೆ ಬೆರೆಸಿದ್ದು ಸಿಕ್ಕಿದ್ದುಂಟು. ವಯಸ್ಸಾದವರಿಗೆ, ಕಿಡ್ನಿ ತೊಂದರೆಯವರಿಗೆ ಅದರಿಂದ ಶುಗರ್ 70ಕ್ಕಿಂತ ಕೆಳಗಿಳಿದು, ಸಕ್ಕರೆ ನೀರು ಕುಡಿಸಿದ ಮೇಲೂ ಗಂಟೆಗಳ ನಂತರ ಮತ್ತೆ ಕುಸಿಯಬಹುದು. ಅಂಥವರನ್ನು ಮನೆಯಲ್ಲಿಟ್ಟುಕೊಳ್ಳದೆ ಆಸ್ಪತ್ರೆಗೆ ಕರೆದೊಯ್ಯಿರಿ, ಪುಡಿಯ ಡಬ್ಬಿಯನ್ನೂ ವೈದ್ಯರಿಗೆ ತೋರಿಸಿ.

ಇನ್ಸುಲಿನ್ ನಿಲ್ಲಿಸಿದ ಮಗುವಿಗೆ ವಾಂತಿ ಶುರುವಾಗಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಆಗಲೇ ಹೊರಡಿ.