ಮನೆಗೊಂದು ಅಗ್ಗದ ಮೋಡೆಮ್: ಒಳಗೆ ಕೂರಿಸುವುದೋ, ಹೊರಗಿಡುವುದೋ?

ಫೋನ್ ಲೈನಿನಲ್ಲಿ ಡಯಲ್ ಮಾಡಿ ಇಂಟರ್ನೆಟ್ಟಿಗೆ ಹೋಗುತ್ತಿದ್ದ ಕಾಲದ ಸಲಹೆ ಇದು, ಆ ಕಾಲಕ್ಕೆ ನಿಂತೇ ಓದಿಕೊಳ್ಳಿ. ಕಂಪ್ಯೂಟರಿನ ಅಂಕಿಗಳನ್ನು ಫೋನ್ ತಂತಿಯಲ್ಲಿ ಹೋಗುವ ಸದ್ದಾಗಿಸಿ, ಬಂದ ಸದ್ದನ್ನು ಮತ್ತೆ ಅಂಕಿಯಾಗಿಸುವುದೇ ಮೋಡೆಮ್. ಆಗ ಅಂಗಡಿಯಲ್ಲಿ ಯಾವ ಡಬ್ಬಿ ಎತ್ತಿಕೊಂಡರೂ ಅದರ ಮೇಲೆ 56ಕೆ, ಅಂದರೆ ಸೆಕೆಂಡಿಗೆ 56,000 ಬಿಟ್, ಎಂದೇ ಇರುತ್ತಿತ್ತು. ಬೆಲೆ ಮಾತ್ರ ಒಂದೊಂದರದ್ದು ಒಂದೊಂದು. ಕಂಪ್ಯೂಟರಿನ ಒಳಗಿನ ಸ್ಲಾಟಿಗೆ ಕೂರಿಸುವ ಅಗ್ಗದ ಪಿಸಿಐ ಕಾರ್ಡಿಗೂ, ಮೇಜಿನ ಮೇಲಿಟ್ಟು ಹಿಂಬದಿಯ ಸೀರಿಯಲ್ ಪೋರ್ಟಿಗೆ ಕೇಬಲ್ ಹಾಕುವ ಸೀರಿಯಲ್ ಮೋಡೆಮ್ಮಿಗೂ ಕೆಲವು ಪಟ್ಟು ಅಂತರವಿರುತ್ತಿತ್ತು. ಆ ಹೆಚ್ಚಿನ ದುಡ್ಡಿಗೆ ವೇಗ ಸಿಗುವುದಿಲ್ಲ. ಸಿಗುವುದೆಂದರೆ ಕೆಟ್ಟ ಲೈನಿನಲ್ಲೂ ಕಡಿಯದೆ ನಿಲ್ಲುವ ಸಂಪರ್ಕ. ಹಾಗಾಗಿ ಮೊದಲು ನೋಡಬೇಕಾದದ್ದು ನಿಮ್ಮ ಫೋನ್ ಲೈನನ್ನು, ಡಬ್ಬಿಯನ್ನು ಆಮೇಲೆ.

ಹೋಲಿಸಿದ್ದು ಮೂರು ಬಗೆ. ಮೊದಲನೆಯದು ಎಲ್ಲ ಕೆಲಸವನ್ನೂ ಕಂಪ್ಯೂಟರಿನ ಪ್ರೊಸೆಸರಿಗೇ ಹೊರಿಸುವ ಸಾಫ್ಟ್‌ಮೋಡೆಮ್ ಕಾರ್ಡ್. ಎರಡನೆಯದು ಲೂಸೆಂಟ್ ಚಿಪ್ಪಿನ ಕಾರ್ಡ್. ಇದರಲ್ಲಿ ಸಿಗ್ನಲ್ ಲೆಕ್ಕ ಹಾಕುವ ಡಿಎಸ್‌ಪಿ ಕಾರ್ಡಿನ ಮೇಲೇ ಇದೆ, ಕಮಾಂಡ್ ಓದುವುದು, ತಪ್ಪು ತಿದ್ದುವುದು ಮುಂತಾದ ಕಂಟ್ರೋಲರ್ ಕೆಲಸ ಮಾತ್ರ ಡ್ರೈವರಿನ ಪಾಲು. ಮೂರನೆಯದು ಎಲ್ಲವನ್ನೂ ತಾನೇ ಮಾಡಿಕೊಳ್ಳುವ ಹೊರಗಿನ ಸೀರಿಯಲ್ ಮೋಡೆಮ್. ಮೂರನ್ನೂ ಒಂದೇ ಲೈನಿಗೆ, ಒಂದೇ ಸೇವೆಯ ನಂಬರಿಗೆ, ಸಂಜೆ ಏಳಕ್ಕೊಮ್ಮೆ, ರಾತ್ರಿ ಹನ್ನೊಂದಕ್ಕೊಮ್ಮೆ ಹಚ್ಚಿ ನೋಡಬೇಕು. ಇಳಿಸಿ ನೋಡುವ ಕಡತ ಜಿಪ್ ಆಗಿರಲಿ. ಬರಿ ಪಠ್ಯದ ಕಡತವಾದರೆ ಮೋಡೆಮ್ಮಿನ ವಿ.42ಬಿಸ್ ಎಂಬ ವಿಧಾನ ಅದನ್ನು ದಾರಿಯಲ್ಲೇ ಹಿಂಡಿ ಚಿಕ್ಕದು ಮಾಡುತ್ತದೆ, ಅಳತೆ ಮೋಸವಾಗುತ್ತದೆ.

ಇನ್ನೊಂದು ಮೋಸ ಪರದೆಯ ಮೂಲೆಯಲ್ಲೇ ಕೂತಿರುತ್ತದೆ. ವಿಂಡೋಸ್ 1,15,200 ಎಂದು ತೋರಿಸಿದರೆ ಹಿಗ್ಗಬೇಡಿ, ಅದು ಕಂಪ್ಯೂಟರಿನಿಂದ ಮೋಡೆಮ್‌ವರೆಗಿನ ವೇಗ. ರಾಕ್‌ವೆಲ್, ಕಾನೆಕ್ಸೆಂಟ್ ಚಿಪ್‌ನವಕ್ಕೆ ಡಬ್ಲ್ಯೂ2 ಎಂಬ ಕಮಾಂಡ್ ಕೊಟ್ಟರೆ ಲೈನಿನ ನಿಜವಾದ ವೇಗ ಕಾಣಿಸುತ್ತದೆ. ಆ ಅಂಕಿಯನ್ನು ಓದಲು ಒಂದು ಸುಲಭದ ಉಪಾಯವಿದೆ. 42,667, 44,000, 45,333 ಹೀಗೆ 1,333ರ ಮೆಟ್ಟಿಲಿನಲ್ಲಿ ಬಂದರೆ ವಿ.90, ಅಂದರೆ 56ಕೆಯ ಸಂಪರ್ಕ ವಿಧಾನ, ಕೂಡಿಕೊಂಡಿದೆ ಎಂದರ್ಥ. 28,800, 31,200, 33,600 ಎಂದು ಬಂದರೆ ಅದು ಹಳೆಯ ವಿ.34. ವಿ.90 ನಡೆಯಬೇಕಾದರೆ ಸೇವೆ ಕೊಡುವವರ ಕಡೆಯಿಂದ ನಿಮ್ಮ ಎಕ್ಸ್‌ಚೇಂಜಿನವರೆಗೆ ದಾರಿ ಪೂರ್ತಿ ಡಿಜಿಟಲ್ ಆಗಿದ್ದು, ಒಂದೇ ಒಂದು ಸಲ ಅನಲಾಗ್‌ಗೆ ತಿರುಗಬೇಕು. ನಡುವೆ ಇಪಿಎಬಿಎಕ್ಸ್ (ಕಚೇರಿಯೊಳಗಿನ ಸಣ್ಣ ಎಕ್ಸ್‌ಚೇಂಜ್) ಇದ್ದರೆ, ಅಥವಾ ಒಂದೇ ಜೋಡಿ ತಂತಿಯಲ್ಲಿ ಎರಡು ಮನೆಗೆ ಲೈನ್ ಹಂಚಿದ್ದರೆ ಆ ಎಣಿಕೆ ಎರಡಾಗುತ್ತದೆ. ಆಮೇಲೆ ಎಷ್ಟು ದುಬಾರಿ ಮೋಡೆಮ್ ತಂದರೂ 33,600 ದಾಟುವುದಿಲ್ಲ. ಹಳ್ಳಿಯಾದ ಮಾತ್ರಕ್ಕೆ ನಿರಾಸೆ ಬೇಡ. ಸರ್ಕಾರಿ ಟೆಲಿಕಾಂ ಸಂಶೋಧನಾ ಸಂಸ್ಥೆಯಾದ ಸಿ-ಡಾಟ್‌ನ ಮೊದಲ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜ್ 1986ರಲ್ಲಿ ಶುರುವಾದದ್ದು ನಮ್ಮ ಕಿತ್ತೂರಿನಲ್ಲೇ.

ಒಳ್ಳೆಯ ಲೈನಿನಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ. 44,000ದಲ್ಲಿ ಒಂದು ಎಂಬಿ ಇಳಿಯಲು ಮೂರು ನಿಮಿಷ ಚಿಲ್ಲರೆ ಬೇಕು, 31,200ರಲ್ಲಿ ನಾಲ್ಕೂವರೆ. ವ್ಯತ್ಯಾಸ ಬಯಲಾಗುವುದು ಗುಂಯ್ ಎನ್ನುವ ಲೈನಿನಲ್ಲಿ. ಸಾಫ್ಟ್‌ಮೋಡೆಮ್ಮಿಗೆ ಪ್ರೊಸೆಸರ್ ಹೊತ್ತುಹೊತ್ತಿಗೆ ಬಿಡುವು ಕೊಡಲೇಬೇಕು. ಪೆಂಟಿಯಂ 200 ಎಂಎಂಎಕ್ಸ್‌ನಂಥ ಯಂತ್ರದಲ್ಲಿ ಹಾಡು ಹಾಕಿಯೋ ಸಿಡಿ ಬರೆಯುತ್ತಲೋ ಇದ್ದರೆ ಲೆಕ್ಕ ತಪ್ಪುತ್ತದೆ, ಮೋಡೆಮ್ ಮತ್ತೆ ಮತ್ತೆ ಹೊಂದಿಸಿಕೊಳ್ಳಲು ಹೋಗುತ್ತದೆ, ಕೊನೆಗೆ ಕಡಿದುಕೊಳ್ಳುತ್ತದೆ. ಪೆಂಟಿಯಂ 3 ಇದ್ದು ಲೈನೂ ಚೊಕ್ಕಟವಾಗಿದ್ದರೆ ಸಾಫ್ಟ್‌ಮೋಡೆಮ್ ಧಾರಾಳ ಸಾಕು, ದುಡ್ಡು ಉಳಿಸಿ. ಲೂಸೆಂಟ್ ಕಾರ್ಡ್ ಈ ವಿಷಯದಲ್ಲಿ ಎಷ್ಟೋ ಗಟ್ಟಿ. ಅಗ್ಗದ ಒಳಮೋಡೆಮ್ಮುಗಳಲ್ಲಿ ಕಣ್ಣುಮುಚ್ಚಿ ಆರಿಸಬಹುದಾದದ್ದು ಅದೇ. ಲಿನಕ್ಸ್‌ನಲ್ಲಿ ಇವೆರಡಕ್ಕೂ ಚಿಪ್‌ಗೆ ತಕ್ಕ ಡ್ರೈವರ್ ಹುಡುಕಬೇಕು. ಹೊರಗಿನ ಸೀರಿಯಲ್ ಮೋಡೆಮ್ಮಿಗೆ ಆ ತಾಪತ್ರಯವೇ ಇಲ್ಲ.

ಹೊರಗಿನದರ ದೊಡ್ಡ ಲಾಭ ಅದರ ದೀಪಗಳು. ಪುಟ ತೆರೆಯದೆ ನಿಂತಾಗ ಮುಖಫಲಕ ನೋಡಿದರೆ ಸಾಕು. ಆಚೆಯ ಮೋಡೆಮ್ಮಿನೊಂದಿಗೆ ಸಂಪರ್ಕ ಇದೆ ಎಂದು ತೋರಿಸುವ ಸಿಡಿ (ಕ್ಯಾರಿಯರ್ ಡಿಟೆಕ್ಟ್) ದೀಪ ಆರಿದ್ದರೆ ಲೈನ್ ಕಡಿದಿದೆ. ಸಿಡಿ ಉರಿಯುತ್ತಿದ್ದು ಎಸ್‌ಡಿ (ಕಳಿಸುವುದರ ದೀಪ) ಮಿನುಗಿ, ಬರುವುದನ್ನು ತೋರಿಸುವ ಆರ್‌ಡಿ ಸುಮ್ಮನಿದ್ದರೆ ನೀವು ಕೇಳಿದ್ದು ಹೋಗಿದೆ, ಆಚೆ ಕಡೆಯಿಂದ ಉತ್ತರ ಬಂದಿಲ್ಲ. ಆಗ ನಿಮ್ಮ ಸೆಟ್ಟಿಂಗ್ ಕೆದಕುವುದು ವ್ಯರ್ಥ. ಒಳಗಿನ ಕಾರ್ಡಿನಲ್ಲಿ ಇದನ್ನೆಲ್ಲ ಊಹಿಸಬೇಕು, ಅಷ್ಟರಲ್ಲಿ ಆಗ ಬಿಲ್ಲಿನ ಮೀಟರ್ ಓಡುತ್ತಿರುತ್ತಿತ್ತು.

ಮಲೆನಾಡಿನವರು, ಕರಾವಳಿಯವರು ಇನ್ನೊಂದು ಕಾರಣಕ್ಕೂ ಹೊರಗಿನದನ್ನೇ ಕೊಳ್ಳಬೇಕು. ಕಂಬದಿಂದ ಕಂಬಕ್ಕೆ ಜೋತುಬಿದ್ದು ಬರುವ ತಂತಿ ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ಹೇಳಿ ಮಾಡಿಸಿದ ದಾರಿ. ಒಳಗಿನ ಕಾರ್ಡಿಗೆ ಹೊಡೆದರೆ ಪಿಸಿಐ ಸ್ಲಾಟಿನ ಮೂಲಕ ಮದರ್‌ಬೋರ್ಡನ್ನೂ ಎಳೆದುಕೊಂಡು ಹೋಗಬಹುದು. ಹೊರಗಿನದಾದರೆ ಮೊದಲ ಪೆಟ್ಟು ಡಬ್ಬಿಗೆ, ಹೆಚ್ಚೆಂದರೆ ಸೀರಿಯಲ್ ಪೋರ್ಟಿಗೆ. ಕಂಪ್ಯೂಟರ್ ಆರಿಸಿದರೆ ಸಾಲದು, ಫೋನ್ ತಂತಿ ಸಿಕ್ಕಿಕೊಂಡೇ ಇರುತ್ತದೆ. ದೂರದಲ್ಲಿ ಗುಡುಗು ಕೇಳಿದ ಕೂಡಲೇ ಫೋನ್ ತಂತಿ, ಅಡಾಪ್ಟರ್ ಎರಡನ್ನೂ ಕಿತ್ತಿಡಿ.

ಯುಎಸ್‌ಬಿ ಮೋಡೆಮ್ ಹೊರಗೆ ಕೂತರೂ ಎಷ್ಟೋ ಸಲ ಒಳಗೆ ಸಾಫ್ಟ್‌ಮೋಡೆಮ್ಮೇ. ಗುರುತಿಸಲು ಡಬ್ಬಿಯ ಹಿಂಬದಿ ಓದಿ. ಕನಿಷ್ಠ ಇಂಥ ಪೆಂಟಿಯಂ ಬೇಕು ಎಂದು ಒತ್ತಿ ಹೇಳಿದ್ದರೆ ಲೆಕ್ಕ ಹಾಕುವುದು ನಿಮ್ಮ ಪ್ರೊಸೆಸರ್. ಡಾಸ್‌ನಲ್ಲೂ ನಡೆಯುತ್ತದೆ ಎಂದಿದ್ದರೆ ಅಸಲಿ ಹಾರ್ಡ್‌ವೇರ್ ಮೋಡೆಮ್ ಎಂದು ನಂಬಬಹುದು. ಡಬ್ಬಿಯ ಮೇಲಿನ ವಿ.92 (ವಿ.90ರ ಮುಂದಿನ ರೂಪ) ಎಂಬ ಬರಹಕ್ಕಾಗಿ ಹೆಚ್ಚು ಕೊಡಬೇಡಿ, ಅದರ ಅನುಕೂಲ ಸಿಗಲು ಸೇವೆ ಕೊಡುವವರ ಕಡೆಯೂ ವಿ.92 ಇರಬೇಕು.

ತಂದ ಮೇಲೆ ಮೊದಲು ಎದುರಾಗುವುದು ‘ಡಯಲ್ ಟೋನ್ ಇಲ್ಲ’ ಎಂಬ ತಕರಾರು. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಸ್ ಕೂಡಿದ್ದು, ನಮ್ಮದು 400 ಹರ್ಟ್ಸ್ ಸುತ್ತಿನದು. ಅಲ್ಲಿಗೆ ಹೊಂದಿಸಿ ಬಂದ ಮೋಡೆಮ್ಮಿಗೆ ಇದು ಟೋನ್ ಎಂದೇ ಗೊತ್ತಾಗದೆ ಹೋಗಬಹುದು. ವಿಂಡೋಸ್ 98ರಲ್ಲಿ ಕಂಟ್ರೋಲ್ ಪ್ಯಾನೆಲ್, ಮೋಡೆಮ್ಸ್, ಪ್ರಾಪರ್ಟೀಸ್, ಕನೆಕ್ಷನ್, ಅಡ್ವಾನ್ಸ್‌ಡ್‌ಗೆ ಹೋಗಿ ಎಕ್ಸ್‌ಟ್ರಾ ಸೆಟ್ಟಿಂಗ್ಸ್ ಜಾಗದಲ್ಲಿ ಎಕ್ಸ್3 ಎಂದು ಬರೆಯಿರಿ. ಟೋನಿಗೆ ಕಾಯದೆ ಡಯಲ್ ಮಾಡುತ್ತದೆ. ಕಾಲ್ ವೇಟಿಂಗ್ ಸದ್ದಿಗೆ ಸಂಪರ್ಕ ಹೋಗುತ್ತಿದ್ದರೆ ಎಸ್10=50 ಸೇರಿಸಿ. ಸಾಮಾನ್ಯವಾಗಿ 14, ಅಂದರೆ 1.4 ಸೆಕೆಂಡ್ ಇರುವ ತಾಳ್ಮೆ ಐದು ಸೆಕೆಂಡಿಗೆ ಏರುತ್ತದೆ. 42,667ಕ್ಕೆ ಕೂಡಿ ಐದೇ ನಿಮಿಷದಲ್ಲಿ ಬೀಳುವ ಲೈನಾದರೆ +ಎಂಎಸ್=ವಿ34 ಕೊಟ್ಟು ವಿ.90ಯನ್ನೇ ಬಿಟ್ಟುಬಿಡಿ. ಹಳೆಯ ಚಿಪ್ಪುಗಳಿಗೆ ಇದೇ ಕಮಾಂಡ್ +ಎಂಎಸ್=11 ಆಗುತ್ತದೆ, ಕೈಪಿಡಿ ನೋಡಿಕೊಳ್ಳಿ. ಗಂಟೆಗಟ್ಟಲೆ ನಿಲ್ಲುವ 31,200 ಎಷ್ಟೋ ವಾಸಿ, ಪ್ರತಿ ಮರುಡಯಲಿಗೂ ಆಗ ಹೊಸ ಕಾಲ್ ಬೀಳುತ್ತಿತ್ತಲ್ಲ.

ಲೈನ್ ಮೊದಲು ಮೋಡೆಮ್ಮಿಗೆ ಬರಲಿ, ಫೋನನ್ನು ಮೋಡೆಮ್ಮಿನ ಇನ್ನೊಂದು ತೂತಿಗೆ ಸಿಕ್ಕಿಸಿ. ಚಪ್ಪಟೆ ತಂತಿಯನ್ನು ಯುಪಿಎಸ್ ಪಕ್ಕ ಸುತ್ತಿಡಬೇಡಿ, ಗುಂಯ್ ಸದ್ದಿಗೆ ಅದೂ ಒಂದು ಕಾರಣ.

ಹಳೆಯ ಹೊರಮೋಡೆಮ್ ಸಿಕ್ಕರೆ ಖಂಡಿತ ಕೊಳ್ಳಿ, ಆದರೆ ಅದರದೇ ಅಡಾಪ್ಟರ್ ಜೊತೆಗೆ. ಕೆಲವಕ್ಕೆ ಬೇಕಾದದ್ದು 9 ವೋಲ್ಟ್ ಎಸಿ. ಪಿನ್ ಕೂರುತ್ತದೆಂದು ರೇಡಿಯೋದ ಡಿಸಿ ಅಡಾಪ್ಟರ್ ಚುಚ್ಚಿದರೆ ಕೆಲಸ ಮಾಡುವುದಿಲ್ಲ. ಮೋಡೆಮ್ ಕಡೆ 25 ಪಿನ್, ಕಂಪ್ಯೂಟರ್ ಕಡೆ 9 ಪಿನ್ ಇರುವ ಕೇಬಲ್ಲೂ ಕೇಳಿ. ಹೈಪರ್‌ಟರ್ಮಿನಲ್ (ಮೋಡೆಮ್ಮಿಗೆ ನೇರ ಕಮಾಂಡ್ ಕೊಡುವ, ಆಗಿನ ವಿಂಡೋಸ್ ಪ್ರೋಗ್ರಾಂ) ತೆರೆದು ಎಟಿ ಎಂದು ಒತ್ತಿ ಎಂಟರ್ ಹೊಡೆದಾಗ ‘ಓಕೆ’ ಬರಬೇಕು. ಆಮೇಲೆ ಎಟಿಡಿಟಿ ಜೊತೆ ಪಕ್ಕದ ಮನೆಯ ನಂಬರ್ ಒತ್ತಿ. ರಿಲೇ ಟಿಕ್ಕೆಂದು, ಸ್ಪೀಕರಿನಲ್ಲಿ ರಿಂಗ್ ಕೇಳಿಸಿದರೆ ದುಡ್ಡು ಕೊಡಿ.