ಲಾಗರ್ ಯೀಸ್ಟೋ, ಏಲ್ ಯೀಸ್ಟೋ?

ಕೇರಳದ ಅಬಕಾರಿ ಕಾನೂನಿನಂತೆ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವಂತಿಲ್ಲವಾದ್ದರಿಂದ, ಮನೆಯಲ್ಲೇ ಬಿಯರ್ ಹುದುಗಿಸಲು ಬಳಸುವ ಯೀಸ್ಟುಗಳ ಈ ಹೋಲಿಕೆ ಅದಕ್ಕೆ ಅನುಮತಿಯಿರುವ ದೇಶಗಳಲ್ಲಿ ನೆಲೆಸಿದ ಕಾಸರಗೋಡಿನ ಕನ್ನಡಿಗರಿಗೆ ಮಾತ್ರ. ಲಾಗರ್ ಎಂಬ ತಿಳಿರುಚಿಯ ಬಿಯರಿನ ಯೀಸ್ಟಿಗೆ ಸಾಮಾನ್ಯವಾಗಿ 8ರಿಂದ 13 ಡಿಗ್ರಿ ಸೆಲ್ಸಿಯಸ್ ತಂಪು, ಆಮೇಲೆ ಸೊನ್ನೆಯ ಸಮೀಪ ಹಲವು ವಾರಗಳ ವಿಶ್ರಾಂತಿ ಬೇಕು. ಒಂದು ಫ್ರಿಜ್ಜನ್ನು ಅದಕ್ಕೆಂದೇ ಮೀಸಲಿಡದೆ ಗತ್ಯಂತರವಿಲ್ಲ. ಏಲ್ ಎಂಬ ಇನ್ನೊಂದು ಬಗೆಯ ಬಿಯರಿನ ಯೀಸ್ಟ್ 20 ಡಿಗ್ರಿಯ ಆಸುಪಾಸಿನಲ್ಲೇ ಕೆಲಸ ಮಾಡುತ್ತದೆಯಾದರೂ, ಬಿಸಿ ಏರಿದಂತೆ ಎಸ್ಟರುಗಳು (ಹುದುಗುವಾಗ ಹುಟ್ಟುವ ಪರಿಮಳದ ರಾಸಾಯನಿಕಗಳು) ಹೆಚ್ಚಿ ಹಣ್ಣಿನ ವಾಸನೆ ಬರುವುದರಿಂದ, ಲಾಗರಿನ ತಿಳಿರುಚಿ ಬಯಸುವವರು ಜರ್ಮನಿಯ ಕಲೋನ್ ನಗರದ ಕೋಲ್ಷ್ ಬಿಯರಿಗೆ ಬಳಸುವಂಥ ತಳಿಯನ್ನು ಆರಿಸಿ, ಪಿಲ್ಸ್‌ನರ್ ಮಾಲ್ಟಿನೊಡನೆ (ಮೊಳಕೆ ಬರಿಸಿ ಒಣಗಿಸಿದ ತಿಳಿಬಣ್ಣದ ಬಾರ್ಲಿ) 15ರಿಂದ 18 ಡಿಗ್ರಿಯಲ್ಲಿ ಹುದುಗಿಸಿ, ಕೊನೆಗೆ ಕೆಲಕಾಲ ತಣ್ಣಗಿಡಬೇಕು. ಬೇಸಿಗೆಯ ಕುಂಬಳೆ ಪೇಟೆಯಂತೆ 30 ದಾಟುವ ಕೋಣೆಯಾದರೆ ಕ್ವೈಕ್ ಎಂಬ ನಾರ್ವೆಯ ಸಾಂಪ್ರದಾಯಿಕ ಏಲ್ ಯೀಸ್ಟೇ ಸೂಕ್ತ. ದೋಸೆಹಿಟ್ಟು ಉಕ್ಕಿ ಚೆಲ್ಲುವ ಸೆಕೆಯೇ ಅದಕ್ಕೆ ಹಿತ. ಅಪ್ಪಟ ಲಾಗರಿನ ರುಚಿ ಅದರಲ್ಲಿ ಪೂರ್ತಿ ಸಿಗದು, ಆದರೂ ಫ್ರಿಜ್ಜಿಲ್ಲದ ಮೊದಲ ಪ್ರಯತ್ನಕ್ಕೆ ನಾನಾದರೆ ಅದನ್ನೇ ಆರಿಸುವೆ.