ಟ್ರಕ್ ಕ್ಯಾಂಪರ್, ನಾಲ್ಕು ವರ್ಷದ ಬಳಕೆ: ಮನೆ ಚೆನ್ನಾಗಿದೆ, ಹೊರುವ ಗಾಡಿ ಸಾಲಲಿಲ್ಲ

2021ರ ಮೇ ತಿಂಗಳಲ್ಲಿ ಈ ಕ್ಯಾಂಪರ್ ತೆಗೆದುಕೊಂಡೆವು. ನಾವಿರುವುದು ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಹತ್ತಿರ. ಇದುವರೆಗೆ ಕ್ಯಾಂಪರ್ ಹೊತ್ತುಕೊಂಡು ಸುಮಾರು 28,000 ಮೈಲಿ ಓಡಾಡಿದ್ದೇವೆ. ಮೊದಲ ಎರಡು ಬೇಸಿಗೆ ಒಂದು ಟ್ರಕ್, 2023ರಿಂದ ಇನ್ನೊಂದು ಟ್ರಕ್. ಟ್ರಕ್ ಯಾಕೆ ಬದಲಾಯಿಸಬೇಕಾಯಿತು ಎನ್ನುವುದನ್ನೇ ಇಲ್ಲಿ ಮುಖ್ಯವಾಗಿ ಬರೆಯುತ್ತಿದ್ದೇನೆ. ನಮ್ಮ ಕನ್ನಡದ ಗೆಳೆಯರಲ್ಲೇ ಮೂರು ಮನೆಯವರು ಈಗ ಇಂಥದ್ದನ್ನು ಕೊಳ್ಳಲು ಹೊರಟಿದ್ದಾರೆ. ಮೂವರೂ ನಾನು ಮಾಡಿದ ತಪ್ಪನ್ನೇ ಮಾಡುವ ಹಾಗೆ ಕಾಣಿಸುತ್ತಿದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಇದು ಹಿಂದೆ ಎಳೆದುಕೊಂಡು ಹೋಗುವ ಟ್ರೈಲರ್ ಅಲ್ಲ. ಪಿಕಪ್ ಟ್ರಕ್ಕಿನ ಹಿಂದಿನ ತೊಟ್ಟಿಯೊಳಗೆ ಕೂರಿಸಿ, ನಾಲ್ಕು ಮೂಲೆಗೂ ಬಿಗಿದು ಕಟ್ಟುವ ಪುಟ್ಟ ಮನೆ. ಡ್ರೈವರ್ ತಲೆಯ ಮೇಲೆ ಹಾಸಿಗೆ ಬರುತ್ತದೆ. ಒಳಗೆ ಒಲೆ, ಫ್ರಿಜ್, ಸಿಂಕ್, ಸಣ್ಣ ಬಚ್ಚಲು. ಟ್ರೈಲರ್ ಆದರೆ ಅದರ ಭಾರದ ಹೆಚ್ಚಿನ ಪಾಲನ್ನು ಅದರ ಚಕ್ರಗಳೇ ಹೊರುತ್ತವೆ. ಇದರ ಭಾರವನ್ನೆಲ್ಲ ಹೊರುವುದು ಟ್ರಕ್ಕೇ, ಅದರಲ್ಲೂ ಹಿಂದಿನ ಆಕ್ಸಲ್, ಅಂದರೆ ಹಿಂದಿನ ಚಕ್ರಗಳ ಅಚ್ಚು.

ಕ್ಯಾಂಪರ್ ಬಗ್ಗೆ ನನಗೆ ದೊಡ್ಡ ದೂರಿಲ್ಲ. ಹೀಟರ್ ಒಂದು ದಿನವೂ ಕೈಕೊಟ್ಟಿಲ್ಲ. ಎರಡನೇ ಮಳೆಗಾಲದಲ್ಲಿ ಹಿಂದಿನ ಬಲ ಮೂಲೆಯಲ್ಲಿ ನೀರು ಜಿನುಗಿತ್ತು, ಸೀಲಂಟ್ ಹಚ್ಚಿದ ಮೇಲೆ ನಿಂತಿತು. ಹಾಸಿಗೆ ಚೆನ್ನಾಗಿದೆ. ಬೆಳಿಗ್ಗೆ ಎದ್ದು ಮಂಜು ನೋಡುತ್ತಾ ಒಲೆಯ ಮೇಲೆ ಕಾಫಿ ಕಾಯಿಸುವ ಸುಖಕ್ಕೆ ಬೇರೆ ಹೋಲಿಕೆ ಇಲ್ಲ.

ತಪ್ಪಾಗಿದ್ದು ತೂಕದ ವಿಚಾರದಲ್ಲಿ. ನಮ್ಮ ಹತ್ತಿರ ಆಗ ಮುಕ್ಕಾಲು ಟನ್ ಎಂದು ಕರೆಯುವ ಡೀಸೆಲ್ ಪಿಕಪ್ ಇತ್ತು. ನಾಲ್ಕು ಬಾಗಿಲು, ನಾಲ್ಕೂ ಚಕ್ರಕ್ಕೆ ಎಳೆತ. ನೋಡಿದರೆ ಆನೆ ಹಾಗಿತ್ತು. ಕ್ಯಾಂಪರ್ ಮಾರಿದವರನ್ನು ಕೇಳಿದೆ, ಇದು ಹೊರುತ್ತದಾ ಅಂತ. "ಮುಕ್ಕಾಲು ಟನ್ ಅಲ್ವಾ, ಏನೂ ತೊಂದರೆ ಇಲ್ಲ. ಬೇಕಾದರೆ ಏರ್ ಸ್ಪ್ರಿಂಗ್ ಹಾಕಿಸಿಕೊಳ್ಳಿ" ಅಂದರು. ಏರ್ ಸ್ಪ್ರಿಂಗ್ ಅಂದರೆ ಹಿಂದಿನ ಆಕ್ಸಲ್ ಮೇಲೆ ಕೂರಿಸುವ, ಗಾಳಿ ತುಂಬುವ ರಬ್ಬರ್ ಚೀಲ. ನಂಬಿದೆ. ಬಾಗಿಲು ತೆಗೆದು ಸ್ಟಿಕರ್ ನೋಡಲಿಲ್ಲ. ಅವರೂ ನೋಡಲಿಲ್ಲ.

ಆ ಸ್ಟಿಕರ್ ಡ್ರೈವರ್ ಬಾಗಿಲ ಚೌಕಟ್ಟಿನಲ್ಲೇ ಇರುತ್ತದೆ. ನನ್ನ ಟ್ರಕ್ಕಿನದು ಹೀಗಿತ್ತು: ಗಾಡಿ, ಜನ, ಸಾಮಾನು ಎಲ್ಲ ಸೇರಿ ಮೀರಬಾರದ ಒಟ್ಟು ತೂಕ, ಅಂದರೆ ಜಿವಿಡಬ್ಲ್ಯೂಆರ್, 10,000 ಪೌಂಡ್. ಹಿಂದಿನ ಆಕ್ಸಲ್ ಮಿತಿ 6,200 ಪೌಂಡ್. ಪಕ್ಕದಲ್ಲೇ ಇನ್ನೊಂದು ಸ್ಟಿಕರ್: ಜನ ಮತ್ತು ಸಾಮಾನಿನ ತೂಕ ಸೇರಿ 2,340 ಪೌಂಡ್ ದಾಟಬಾರದು. ಡೀಸೆಲ್ ಎಂಜಿನ್ನೇ ಭಾರ. ನಾಲ್ಕು ಬಾಗಿಲಿನ ಕ್ಯಾಬಿನ್ನೂ ಭಾರ. ಗಾಡಿ ತಾನೇ ಭಾರವಾದಷ್ಟೂ ಅದು ಹೊರಬಹುದಾದದ್ದು ಕಡಿಮೆಯಾಗುತ್ತದೆ. ಮುಕ್ಕಾಲು ಟನ್, ಒಂದು ಟನ್ ಅನ್ನುವುದು ಹಳೇ ಕಾಲದಿಂದ ಬಂದ ಹೆಸರು ಅಷ್ಟೇ, ಅಳತೆ ಅಲ್ಲ.

ಕ್ಯಾಂಪರ್ ಬ್ರೋಷರ್‌ನಲ್ಲಿ ಬರೆದಿದ್ದ ತೂಕ 2,215 ಪೌಂಡ್. 2,340ರೊಳಗೆ ಇದೆಯಲ್ಲ ಅನ್ನಿಸುತ್ತದೆ. ಆದರೆ ಅದು ಒಣ ತೂಕ. ನೀರಿಲ್ಲ, ಗ್ಯಾಸ್ ಇಲ್ಲ. ಅಮೆರಿಕದ ಫೆಡರಲ್ ನಿಯಮದ ಪ್ರಕಾರ ಪ್ರತಿ ಕ್ಯಾಂಪರ್ ಮೇಲೂ ನೀರು, ಗ್ಯಾಸ್ ತುಂಬಿದಾಗಿನ ತೂಕ ಬರೆದ ಲೇಬಲ್ ಇರಬೇಕು. ನಮ್ಮದರಲ್ಲೂ ಇತ್ತು. ಅದರಲ್ಲಿ 2,611 ಪೌಂಡ್. ಅದು ಕೂಡ ಮಾಮೂಲಿ ಸಲಕರಣೆಗಳಷ್ಟರ ಲೆಕ್ಕ. ನಾವು ಕೇಳಿ ಹಾಕಿಸಿಕೊಂಡ ಎಸಿ, ಪಕ್ಕದ ನೆರಳಿನ ಬಟ್ಟೆ, ಎರಡನೇ ಬ್ಯಾಟರಿ, ಜನರೇಟರ್, ಇವು ಯಾವುದೂ ಅದರಲ್ಲಿ ಸೇರಿರಲಿಲ್ಲ. ಅವೆಲ್ಲ ಸೇರಿದರೆ 3,100 ಪೌಂಡ್ ದಾಟಿತ್ತು. ನೀರು ಒಂದು ಗ್ಯಾಲನ್‌ಗೆ 8.34 ಪೌಂಡ್ ತೂಗುತ್ತದೆ. ಈ 3,100ರಲ್ಲಿ ನಮ್ಮ 30 ಗ್ಯಾಲನ್ ಟ್ಯಾಂಕಿನ ನೀರೊಂದೇ 250 ಪೌಂಡ್. ಇದರ ಮೇಲೆ ನಾವು ನಾಲ್ಕು ಜನ, ಬಟ್ಟೆ, ಅಕ್ಕಿ, ಕುಕ್ಕರ್, ಹಿಂದೆ ನೇತುಹಾಕಿದ ಸೈಕಲ್‌ಗಳು.

ಮೊದಲ ವರ್ಷ ಏನೂ ಗೊತ್ತಾಗಲಿಲ್ಲ. ಹಿಂಭಾಗ ಕುಸಿದ ಹಾಗೆ ಕಂಡಾಗ ಏರ್ ಸ್ಪ್ರಿಂಗ್ ಹಾಕಿಸಿದೆ. ಗಾಡಿ ಸಮನಾಗಿ ನಿಂತಿತು. ಅದು ಸಮನಾಗಿ ನಿಂತಿದ್ದೇ ನನ್ನನ್ನು ದಾರಿ ತಪ್ಪಿಸಿತು. ಏರ್ ಸ್ಪ್ರಿಂಗ್ ಗಾಡಿಯನ್ನು ಎತ್ತಿ ಹಿಡಿಯುತ್ತದೆ, ಓಲಾಟ ಸ್ವಲ್ಪ ಕಡಿಮೆ ಮಾಡುತ್ತದೆ. ಆದರೆ ಆಕ್ಸಲ್ ಅದೇ, ಬೇರಿಂಗ್ ಅದೇ, ಬ್ರೇಕ್ ಅದೇ, ಟೈರ್ ಅದೇ. ಬಾಗಿಲಿನ ಸ್ಟಿಕರ್ ಮೇಲಿನ ಅಂಕಿ ಒಂದು ಪೌಂಡೂ ಏರುವುದಿಲ್ಲ.

2022ರ ಆಗಸ್ಟ್‌ನಲ್ಲಿ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನ ನೋಡಿ ಮುಗಿಸಿಕೊಂಡು ವಾಪಸ್ ಬರುತ್ತಿದ್ದೆವು. ಒರೆಗಾನ್‌ನಲ್ಲಿ ಐ-84 ಹೆದ್ದಾರಿ ಪೆಂಡಲ್ಟನ್ ಕಡೆಗೆ ಇಳಿಯುವಲ್ಲಿ ಕ್ಯಾಬೇಜ್ ಹಿಲ್ ಎನ್ನುವ ಇಳಿಜಾರು ಬರುತ್ತದೆ. ಆರು ಪರ್ಸೆಂಟ್ ಇಳಿಜಾರು, ಸುಮಾರು ಆರು ಮೈಲಿಯಲ್ಲಿ 2,000 ಅಡಿ ಕೆಳಕ್ಕೆ, ನಡುವೆ ದೊಡ್ಡ ದೊಡ್ಡ ತಿರುವುಗಳು. ಬ್ರೇಕ್ ಫೇಲಾದ ಲಾರಿಗಳು ನುಗ್ಗಿ ನಿಲ್ಲಲು ಪಕ್ಕದಲ್ಲಿ ಜಲ್ಲಿ ತುಂಬಿದ ದಾರಿ ಮಾಡಿದ್ದಾರೆ. ನಾನು ಗೇರ್ ಇಳಿಸದೆ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದೆ. ಅರ್ಧ ದಾರಿಗೆ ಹೆಂಡತಿ "ರೀ, ಏನೋ ಸುಟ್ಟ ವಾಸನೆ ಬರ್ತಿದೆ" ಅಂದಳು. ನನಗೂ ಬಂತು. ಆ ವಾಸನೆ ನನಗೆ ಚಿಕ್ಕಂದಿನಿಂದ ಗೊತ್ತು. ಶಿರಾಡಿ ಘಾಟಿಯಲ್ಲಿ ಬಸ್ಸಿನ ಕಿಟಕಿಯಿಂದ ಮುಖ ಹೊರಗೆ ಹಾಕಿ ಕೂತಾಗ, ತುಂಬಿದ ಲಾರಿ ಪಕ್ಕದಲ್ಲಿ ಇಳಿಯುವಾಗ ಬರುವ ಅದೇ ವಾಸನೆ. ಪೆಡಲ್ ಒತ್ತಿದೆ, ಮೆತ್ತಗೆ ಒಳಗೆ ಹೋಯಿತು. ಗಾಡಿ ಮಾತ್ರ ಹಿಡಿತಕ್ಕೆ ಬರಲಿಲ್ಲ. ಆಗ ಗೇರ್ ಇಳಿಸಿದೆ. ಎಂಜಿನ್ ಕಿರುಚಿಕೊಂಡಿತು, ವೇಗ ನಿಧಾನವಾಗಿ ಇಳಿಯಿತು. ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರೂ ನಿದ್ದೆ ಮಾಡುತ್ತಿದ್ದರು.

ಕೆಳಗೆ ಇಳಿದು ಲಾರಿಗಳು ನಿಲ್ಲುವ ಜಾಗದಲ್ಲಿ ನಿಲ್ಲಿಸಿದೆ. ಚಕ್ರದ ಸಂದಿಯಿಂದ ತೆಳ್ಳಗೆ ಹೊಗೆ ಬರುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ಲಾರಿ ಡ್ರೈವರ್ ಒಬ್ಬರು ಟಾರ್ಚ್ ಹಿಡಿದು ಬಂದರು. ಹಿಂದಿನ ಎಡ ಟೈರಿನ ಒಳಮಗ್ಗುಲಿಗೆ ಬೆಳಕು ಬಿಟ್ಟು, ಬೆರಳಿಟ್ಟು ತೋರಿಸಿದರು. ನಿಂಬೆಹಣ್ಣಿನ ಗಾತ್ರದ ಉಬ್ಬು. ಹೊರಗಿನಿಂದ ನೋಡಿದರೆ ಟೈರ್ ಹೊಸದರ ಹಾಗಿತ್ತು. "ನಿಮ್ಮ ಗಾಡಿ ಎಷ್ಟು ತೂಗುತ್ತದೆ ಗೊತ್ತಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬೈಯಲಿಲ್ಲ ಅವರು. ಸ್ಪೇರ್ ಟೈರ್ ಹಾಕಲು ಕೈ ಜೋಡಿಸಿದರು, ಟ್ಯಾಂಕಿನ ನೀರೆಲ್ಲ ಖಾಲಿ ಮಾಡಿಸಿದರು, ಊರು ಸೇರುವ ಮುಂಚೆ ತೂಕ ಹಾಕಿಸಿ ಅಂದರು. ಅವರ ಹೆಸರು ಕೇಳಲೂ ನೆನಪಾಗಲಿಲ್ಲ.

ಮಾರನೇ ವಾರ ಅದೇ ಸಾಮಾನು, ಅದೇ ಜನ, ಟ್ಯಾಂಕ್ ತುಂಬ ನೀರು ತುಂಬಿಸಿ, ಲಾರಿಗಳು ತೂಕ ಹಾಕಿಸುವ ಕ್ಯಾಟ್ ಸ್ಕೇಲ್‌ಗೆ ಒಯ್ದೆ. ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಇರುತ್ತದೆ. ಯಾರು ಬೇಕಾದರೂ ಹೋಗಬಹುದು. ಮುಂದಿನ ಚಕ್ರ ಒಂದು ಹಲಗೆಯ ಮೇಲೆ, ಹಿಂದಿನ ಚಕ್ರ ಇನ್ನೊಂದರ ಮೇಲೆ ಬರುವಂತೆ ನಿಲ್ಲಿಸಬೇಕು. ಕಂಬದ ಗುಂಡಿ ಒತ್ತಿದರೆ ಒಳಗಿನಿಂದ ಮಾತಾಡುತ್ತಾರೆ. ಒಳಗೆ ಹೋಗಿ ಚೀಟಿ ತೆಗೆದುಕೊಂಡರೆ ಆಯಿತು. ಹತ್ತು ನಿಮಿಷದ ಕೆಲಸ, ಖರ್ಚೂ ಹೆಚ್ಚಿಲ್ಲ.

ಚೀಟಿಯಲ್ಲಿ ಮುಂದೆ 4,780, ಹಿಂದೆ 7,040, ಒಟ್ಟು 11,820 ಪೌಂಡ್.

ಒಟ್ಟು ಮಿತಿಗಿಂತ 1,820 ಪೌಂಡ್ ಜಾಸ್ತಿ. ನಮ್ಮ ಲೆಕ್ಕದಲ್ಲಿ ಸುಮಾರು 825 ಕೆ.ಜಿ. ಹದಿನಾರು ಮೂಟೆ ಸಿಮೆಂಟ್‌ಗಿಂತ ಜಾಸ್ತಿ. ಹಿಂದಿನ ಆಕ್ಸಲ್ ಮೇಲೆ 840 ಪೌಂಡ್ ಜಾಸ್ತಿ. ಆ ಟೈರ್‌ಗಳ ಲೋಡ್ ಇಂಡೆಕ್ಸ್ 121, ಅಂದರೆ ಒಂದೊಂದು ಹೊರಬಹುದಾದದ್ದು 3,195 ಪೌಂಡ್. ಎರಡೂ ಸೇರಿ 6,390. ನಾನು ಅವುಗಳ ಮೇಲೆ 7,040 ಹೊರಿಸಿ, ಆಗಸ್ಟ್ ಬಿಸಿಲಲ್ಲಿ ಗಂಟೆಗೆ 70 ಮೈಲಿ ಓಡಿಸಿದ್ದೆ. ಭಾರ ಹೆಚ್ಚಾದರೆ ಟೈರಿನ ಮಗ್ಗುಲು ಪ್ರತಿ ಸುತ್ತಿಗೂ ಜಾಸ್ತಿ ಮಡಚಿಕೊಳ್ಳುತ್ತದೆ, ಮಡಚಿದಷ್ಟೂ ಬಿಸಿಯಾಗುತ್ತದೆ, ಒಳಗಿನ ಪದರ ಬಿಡುತ್ತದೆ. ಬ್ರೇಕಿನದೂ ಅದೇ ಕಥೆ. ತೂಕ 18 ಪರ್ಸೆಂಟ್ ಜಾಸ್ತಿ ಇದ್ದರೆ ಅದೇ ಇಳಿಜಾರಿನಲ್ಲಿ ತಡೆದು ಕಳೆಯಬೇಕಾದ ಶಕ್ತಿಯೂ 18 ಪರ್ಸೆಂಟ್ ಜಾಸ್ತಿ. ಸೈಕಲ್‌ಗಳನ್ನು ಹಿಂದಿನ ತುದಿಗೆ ನೇತುಹಾಕಿದ್ದರಿಂದ ಇನ್ನೊಂದು ತೊಂದರೆ. ಆಕ್ಸಲ್‌ನ ಹಿಂದೆ ಭಾರ ಬಿದ್ದರೆ ಮುಂಭಾಗ ಮೇಲೇಳುತ್ತದೆ, ಸ್ಟೀರಿಂಗ್ ಹಗುರಾಗುತ್ತದೆ. ಗಾಳಿ ಜೋರಾದಾಗ ಗಾಡಿ ತೇಲಿದ ಹಾಗೆ ಆಗುತ್ತಿದ್ದುದಕ್ಕೆ ಕಾರಣ ಆಗ ಅರ್ಥವಾಯಿತು.

ಇನ್ನು ಕಾನೂನು. ಇದರ ಬಗ್ಗೆ ಬಾಯಿಂದ ಬಾಯಿಗೆ ಹರಡುವ ಅರೆಬರೆ ಮಾತು ಬಹಳ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. "ನಮ್ಮಂಥವರನ್ನು ಪೊಲೀಸರು ತೂಕ ಹಾಕುವುದಿಲ್ಲ" ಅನ್ನುತ್ತಾರೆ. ಹೆಚ್ಚಿನ ಸಲ ನಿಜ. ಹೆದ್ದಾರಿಯ ತೂಕದ ಠಾಣೆಗಳು ಮುಖ್ಯವಾಗಿ ಸರಕು ಸಾಗಿಸುವ ಲಾರಿಗಳಿಗಾಗಿ ಇರುವಂಥವು. ನಮ್ಮ ಭಾರತದಲ್ಲಿ ಹಾಗಲ್ಲ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಓವರ್‌ಲೋಡ್ ಲಾರಿಗೆ 20,000 ರೂಪಾಯಿ ದಂಡ, ಮೇಲೆ ಹೆಚ್ಚಿನ ಪ್ರತಿ ಟನ್‌ಗೆ 2,000 ರೂಪಾಯಿ ಎಂದು ಕಾನೂನೇ ಹೇಳುತ್ತದೆ. ಇಲ್ಲಿ ಮನೆಮಂದಿಯ ಗಾಡಿಗೆ ಆ ಥರ ಹೆದರಿಕೆ ಕಣ್ಣಿಗೆ ಕಾಣುವುದಿಲ್ಲ. ಹೆದರಿಕೆ ಕಾಣುವುದಿಲ್ಲ ಅಂದ ಮಾತ್ರಕ್ಕೆ ಹೊಣೆ ಇಲ್ಲ ಅಂತ ಅಲ್ಲ.

ನಾನು ಬಿದ್ದ ಗುಂಡಿ ಇದು. ವಾಷಿಂಗ್ಟನ್‌ನಲ್ಲಿ ಟ್ರಕ್ ರಿಜಿಸ್ಟ್ರೇಷನ್ ಶುಲ್ಕ ತೂಕದ ಮೇಲೆ ನಿಗದಿಯಾಗುತ್ತದೆ. ನನ್ನ ಕಾಗದದಲ್ಲಿ 12,000 ಪೌಂಡ್ ಎಂದು ಇತ್ತು. ಚೀಟಿಯ 11,820 ನೋಡಿ ಒಂದು ಕ್ಷಣ ಸಮಾಧಾನವಾಯಿತು. ಆದರೆ ಆ 12,000 ನಾನು ಸರ್ಕಾರಕ್ಕೆ ದುಡ್ಡು ಕಟ್ಟಿದ ತೂಕ. ಅದನ್ನು ಮೀರಿದರೆ ದಂಡ ಹಾಕಬಹುದು, ಅಷ್ಟೇ. ಗಾಡಿ ಎಷ್ಟು ಹೊರಬಲ್ಲದು ಎಂದು ತಯಾರಿಸಿದವರು ಹೇಳಿದ್ದು 10,000. ದುಡ್ಡು ಕಟ್ಟಿದ್ದರಿಂದ ಆಕ್ಸಲ್ ಗಟ್ಟಿಯಾಗುವುದಿಲ್ಲ.

"ಓವರ್‌ಲೋಡ್ ಇದ್ದರೆ ಇನ್ಶೂರೆನ್ಸ್ ಒಂದು ಪೈಸೆಯೂ ಕೊಡುವುದಿಲ್ಲ" ಅನ್ನುವುದು ಇನ್ನೊಂದು ಮಾತು. ಇದನ್ನು ನನ್ನ ಇನ್ಶೂರೆನ್ಸ್ ಏಜೆಂಟ್ ಹತ್ತಿರವೂ, ವಕೀಲರಾಗಿರುವ ಗೆಳೆಯರ ಹತ್ತಿರವೂ ಕೇಳಿದೆ. ಇಬ್ಬರೂ ಹಾಗೆ ಸೀದಾ ಹೇಳಲು ಆಗುವುದಿಲ್ಲ ಅಂದರು. ನಮ್ಮ ಅಜಾಗರೂಕತೆಯಿಂದ ಇನ್ನೊಬ್ಬರಿಗೆ ಆದ ನಷ್ಟಕ್ಕೇ ಲಯಬಿಲಿಟಿ ಇನ್ಶೂರೆನ್ಸ್ ಇರುವುದು. ಭಯ ಬೇರೆ ಕಡೆ ಇದೆ. ಅಪಘಾತದಲ್ಲಿ ಯಾರಿಗಾದರೂ ದೊಡ್ಡ ಪೆಟ್ಟಾದರೆ ಅವರ ವಕೀಲರು ಟ್ರಕ್ಕನ್ನು ತೂಕ ಹಾಕಿಸಬಹುದು. ಬಾಗಿಲಿನ ಸ್ಟಿಕರ್ ಫೋಟೋ ತೆಗೆದು ನ್ಯಾಯಾಲಯದ ಮುಂದೆ ಇಡಬಹುದು. ತಪ್ಪು ನಮ್ಮದು ಎಂದು ತೋರಿಸಲು ಅದಕ್ಕಿಂತ ಸುಲಭದ ಸಾಕ್ಷಿ ಇಲ್ಲ. ವಾಷಿಂಗ್ಟನ್‌ನಲ್ಲಿ ತಪ್ಪನ್ನು ಪರ್ಸೆಂಟ್ ಲೆಕ್ಕದಲ್ಲಿ ಹಂಚುತ್ತಾರೆ. ಎದುರಿನವರು ಅಡ್ಡ ಬಂದಿದ್ದರೂ, ನಾವು ಹೊತ್ತ ಭಾರಕ್ಕೆ ನಮ್ಮ ಪಾಲು ಬೀಳಬಹುದು. ಈ ರಾಜ್ಯ ಕಡ್ಡಾಯ ಮಾಡಿರುವ ಕನಿಷ್ಠ ವಿಮೆ ಒಬ್ಬರ ಗಾಯಕ್ಕೆ 25,000 ಡಾಲರ್, ಒಂದು ಅಪಘಾತಕ್ಕೆ 50,000. ಇಲ್ಲಿನ ಆಸ್ಪತ್ರೆಯ ಬಿಲ್ ನೋಡಿದವರಿಗೆ ಅದು ಎಷ್ಟು ದಿನಕ್ಕೆ ಸಾಲುತ್ತದೆ ಎಂದು ಗೊತ್ತು. ವಿಮೆ ಮುಗಿದ ಮೇಲಿನದ್ದಕ್ಕೆ ನಾವೇ ಹೊಣೆ.

ನನ್ನನ್ನು ನಿದ್ದೆಗೆಡಿಸಿದ್ದು ದುಡ್ಡಿನ ಯೋಚನೆ ಅಲ್ಲ. ಆ ಇಳಿಜಾರಿನಲ್ಲಿ ನಮ್ಮ ಮುಂದೆ ಒಂದು ಸಣ್ಣ ಕೆಂಪು ಕಾರು ಹೋಗುತ್ತಿತ್ತು. ಅದರ ಹಿಂದಿನ ಗಾಜಿನಲ್ಲಿ ಮಕ್ಕಳ ಸೀಟು ಕಾಣುತ್ತಿತ್ತು.

ಚೀಟಿ ಬಂದ ಮೇಲೆ ಆ ಟ್ರಕ್ ಮೇಲೆ ಕ್ಯಾಂಪರ್ ಏರಿಸಲಿಲ್ಲ. ಹಗುರದ ಕ್ಯಾಂಪರ್ ತೆಗೆದುಕೊಳ್ಳುವುದು ಒಂದು ದಾರಿ. ಛಾವಣಿ ಮಡಚುವ ಮಾದರಿಗಳು ಎಷ್ಟೋ ಕಡಿಮೆ ತೂಗುತ್ತವೆ. ಹೊಸದಾಗಿ ಕೊಳ್ಳುವವರಿಗೆ, ಅದರಲ್ಲೂ ಇಬ್ಬರೇ ಇರುವವರಿಗೆ, ನಾನು ಅದನ್ನೇ ಹೇಳುತ್ತೇನೆ. ನಮಗೆ ಈ ಕ್ಯಾಂಪರ್ ಬಿಡಲು ಮನಸ್ಸಾಗಲಿಲ್ಲ. 2023ರಲ್ಲಿ ಹಿಂದೆ ನಾಲ್ಕು ಚಕ್ರ ಇರುವ ಒಂದು ಟನ್ ಟ್ರಕ್ಕನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆವು. ಅದರ ಮಿತಿ 14,000 ಪೌಂಡ್. ಕೊಳ್ಳುವ ಮುಂಚೆ ಮಾಲೀಕರನ್ನು ಕೇಳಿಕೊಂಡು ಖಾಲಿ ಗಾಡಿಯನ್ನೇ ಸ್ಕೇಲ್ ಮೇಲೆ ನಿಲ್ಲಿಸಿದೆ. ಇಷ್ಟು ಪೌಂಡ್ ಹೊರಬಹುದು ಎನ್ನುವ ಆ ಎರಡನೇ ಸ್ಟಿಕರ್ 10,000 ಪೌಂಡ್‌ವರೆಗಿನ ಗಾಡಿಗಳಿಗೆ ಮಾತ್ರ ಕಡ್ಡಾಯ, ಅದಕ್ಕೆ. ಈಗ ಎಲ್ಲ ತುಂಬಿ 12,300 ತೂಗುತ್ತೇವೆ. ಪಾರ್ಕಿಂಗ್ ಕಷ್ಟ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ಊರೊಳಗಿನ ಕಿರಿದಾದ ಬೀದಿಗಳಲ್ಲಿ ಬೆವರು ಬರುತ್ತದೆ. ಆದರೆ ಕಳೆದ ಬೇಸಿಗೆಯಲ್ಲಿ ಅದೇ ಕ್ಯಾಬೇಜ್ ಹಿಲ್ ಇಳಿದೆ. ಕೆಳ ಗೇರ್, ಎಂಜಿನ್ನಿನ ಹೊಗೆ ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್, ಗಂಟೆಗೆ 45 ಮೈಲಿ. ಕೆಳಗೆ ನಿಂತು ಚಕ್ರದ ಹತ್ತಿರ ಕೈ ಹಿಡಿದು ನೋಡಿದೆ. ಬೆಚ್ಚಗಿತ್ತು, ಅಷ್ಟೇ.

ಅಂಕ ಕೊಡುವುದಾದರೆ ಕ್ಯಾಂಪರ್‌ಗೆ ಐದಕ್ಕೆ ನಾಲ್ಕು. ಮಾರಿದವರಿಗೆ ಒಂದು, ಯಾಕೆಂದರೆ ಬಾಗಿಲು ತೆಗೆದು ಸ್ಟಿಕರ್ ಓದುವುದು ಅವರ ಕೆಲಸವೂ ಆಗಿತ್ತು. ನೀವು ಕೊಳ್ಳಲು ಹೋದಾಗ ಮೊದಲು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಡೀಸೆಲ್ ತುಂಬಿಸಿ ಟ್ರಕ್ ತೂಕ ಹಾಕಿಸಿ. ಆ ಚೀಟಿ ಹಿಡಿದುಕೊಂಡೇ ಡೀಲರ್ ಹತ್ತಿರ ಹೋಗಿ. ಕ್ಯಾಂಪರ್‌ನ ಒಣ ತೂಕ ಕೇಳಬೇಡಿ, ಲೇಬಲ್ ತೋರಿಸಿ ಅನ್ನಿ, ಹಾಕಿಸುವ ಒಂದೊಂದು ಸಲಕರಣೆಯ ತೂಕವನ್ನೂ ಬರೆಸಿಕೊಳ್ಳಿ. "ಎಲ್ಲರೂ ಹೀಗೇ ಓಡಿಸ್ತಾರೆ" ಅಂದರೆ ಎದ್ದು ಬನ್ನಿ. ನನ್ನ 11,820ರ ಚೀಟಿ ಈಗಲೂ ಹೊಸ ಟ್ರಕ್ಕಿನ ಗ್ಲೋವ್ ಬಾಕ್ಸ್‌ನಲ್ಲಿದೆ. ಇದನ್ನು ಕೊಳ್ಳಬೇಕು ಅಂತಿರುವ ಗೆಳೆಯರು ಮನೆಗೆ ಬಂದರೆ ಕ್ಯಾಂಪರ್ ಒಳಗೆ ಕರೆದುಕೊಂಡು ಹೋಗುವ ಮುಂಚೆ ಅದನ್ನು ತೋರಿಸುತ್ತೇನೆ.